ಕೋರ್ಟ್ ಹಾಕಿದ ಮಿತಿಯೇ ಕಾರಿನ ಬೆಲೆಯಾಯ್ತು: ಚಾಪ್ಟರ್ 13ರಲ್ಲಿರುವವರು ದಯವಿಟ್ಟು ಓದಿ

ಅಮೆರಿಕದಲ್ಲಿ ಚಾಪ್ಟರ್ 13 ದಿವಾಳಿ (ಕೋರ್ಟಿನ ಉಸ್ತುವಾರಿಯಲ್ಲಿ ಕಂತು ಕಟ್ಟಿ ಸಾಲ ತೀರಿಸೋದು) ಅರ್ಜಿ ಹಾಕಿ, ಆ ಕಂತಿನ ಪ್ಲಾನ್ ನಡೆಯುತ್ತಿರುವಾಗಲೇ ಕಾರು ಕಳೆದುಕೊಂಡವರು ಯಾರಾದರೂ ಇದ್ದರೆ ಇದನ್ನು ಓದಿ. ಡೀಲರ್ ಹತ್ತಿರ ಹೋಗೋ ಮೊದಲು ಓದಿ. ನಮ್ಮವರಲ್ಲಿ ದಿವಾಳಿ ಅಂದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತೇವೆ, ನೆಂಟರಿಗೂ ಹೇಳಲ್ಲ, ಹಾಗಾಗಿ ಯಾರನ್ನೂ ಕೇಳೋಕೂ ಆಗಲ್ಲ. ಇಂಥ ಡೀಲರ್‌ಗಳು ಅದರ ಮೇಲೇ ಬದುಕಿದ್ದಾರೆ.

ಸಿಗ್ನಲ್‌ನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಬಂದು ಗುದ್ದಿದರು. ವಿಮೆಯವರು ಟೋಟಲ್, ಅಂದರೆ ರಿಪೇರಿ ಮಾಡಿಸಿ ಲಾಭವಿಲ್ಲ, ಅಂತ ಬರೆದುಬಿಟ್ಟರು. ಹಣ ನೇರವಾಗಿ ಹಳೆಯ ಕಾರ್ ಸಾಲದವರಿಗೆ ಹೋಯಿತು, ನಮ್ಮ ಕೈಗೆ ಉಳಿದದ್ದು ಅಲ್ಪಸ್ವಲ್ಪ. ಪ್ಲಾನ್ ಅಂದರೆ ಗೊತ್ತಲ್ಲ, 3ರಿಂದ 5 ವರ್ಷ, ಖರ್ಚು ಕಳೆದು ಮಿಕ್ಕಿದ್ದೆಲ್ಲ ಟ್ರಸ್ಟಿಗೆ, ಅಂದರೆ ಅದನ್ನು ಸಾಲ ಕೊಟ್ಟವರಿಗೆ ಹಂಚುವವರಿಗೆ. ಅನುಮತಿ ಇಲ್ಲದೆ ಹೊಸ ಸಾಲ ಮಾಡುವಂತಿಲ್ಲ. ಕಾರಿಲ್ಲದೆ ಕೆಲಸಕ್ಕೆ ಹೋಗುವಂತಿಲ್ಲ. ಕೆಲಸ ಹೋದರೆ ಪ್ಲಾನೇ ಬಿದ್ದುಹೋಗುತ್ತೆ.

ದಿವಾಳಿ ಅರ್ಜಿ ಸಾರ್ವಜನಿಕ ದಾಖಲೆ. ಅದು ಹಾಕಿದಾಗಿನಿಂದ 'ದಿವಾಳಿಯಾಗಿದ್ದರೂ ಕಾರು ಕೊಡುತ್ತೇವೆ' ಅನ್ನೋ ಕಾಗದಗಳು ಮನೆಗೆ ಬರುತ್ತಲೇ ಇದ್ದವು. ಅಂಥ ಒಬ್ಬ ಡೀಲರ್ ಹತ್ತಿರ ಹೋದೆವು. ಹೆಸರು ಬರೆಯಲ್ಲ. ಮಾತು ಬೆಣ್ಣೆಯಂತಿತ್ತು. "ನಿಮ್ಮಂಥವರ ಕೇಸು ನಮಗೆ ದಿನಾ ಬರುತ್ತೆ, ಕೋರ್ಟಿಗೆ ಬೇಕಾದ ಹಾಳೆ ನಾವೇ ಕೊಡ್ತೀವಿ" ಅಂದರು. ಕೊಟ್ಟರು. ಸಾಲ 15,400 ಡಾಲರ್, ಬಡ್ಡಿ 14.5%, 60 ತಿಂಗಳು, ತಿಂಗಳಿಗೆ 362. ಕಾರು ಹಿಡಿದಿಡೋಕೆ 1,000 ಡಾಲರ್ ಠೇವಣಿ ತಗೊಂಡರು.

ನಮ್ಮ ವಕೀಲರು ಆ ಹಾಳೆ ಲಗತ್ತಿಸಿ ಸಾಲಕ್ಕೆ ಅನುಮತಿ ಕೋರಿ ಅರ್ಜಿ ಹಾಕಿದರು. ಆ ಕಾರು ಮಾರಾಟವಾಗಿಹೋದರೆ ಮತ್ತೆ ಕೋರ್ಟಿಗೆ ಅಲೆಯಬಾರದು ಅಂತ ಸ್ವಲ್ಪ ಮೇಲೆ ಮಿತಿ ಕೇಳಿದರು. ಹೀಗೆ ಕೇಳೋದು ವಾಡಿಕೆ. ಆರ್ಡರ್ ಬಂತು: ಸಾಲ 20,000 ಮೀರಬಾರದು, ಬಡ್ಡಿ 18% ಮೀರಬಾರದು, ಕಂತು 460 ಮೀರಬಾರದು.

"ಬ್ಯಾಂಕಿಗೆ ಬೇಕು, ಆರ್ಡರ್ ಪ್ರತಿ ಕಳಿಸಿ" ಅಂದರು ಡೀಲರ್. ಕಳಿಸಿದೆ.

ಸಹಿ ಹಾಕೋಕೆ ಅಂತ ಹೆಂಡತಿ, ಮಗಳ ಜೊತೆ ಹೋದೆ. ಅದೇ ಕಾರು, ತೊಳೆದು ನಿಲ್ಲಿಸಿದ್ದರು, ಮಗಳು ಆಗಲೇ ಒಳಗೆ ಕೂತಿದ್ದಳು. ಫೈನಾನ್ಸ್ ಕೋಣೆಯಲ್ಲಿ ಕಾಗದ ನನ್ನ ಮುಂದೆ ತಳ್ಳಿದರು. ಸಾಲ 19,960. ಬಡ್ಡಿ 17.99%. 72 ತಿಂಗಳು. ಕಂತು 455.

ಮೂರೂ ಅಂಕಿ ಕೋರ್ಟಿನ ಮಿತಿಗೆ ಕೂದಲೆಳೆಯಷ್ಟು ಕೆಳಗೆ! ಎರಡು ಸಲ ಓದಿದೆ. ಕೈ ತಣ್ಣಗಾಯ್ತು. ಅದೇ ಕಾರು ಸ್ವಾಮೀ, ಅದೇ ಕಾರು! ಮೊದಲಿನ ಹಾಳೆ ಪ್ರಕಾರ ಕಂತೆಲ್ಲ ಸೇರಿ 21,720 ಆಗುತ್ತಿತ್ತು, ಈಗ 32,760.

ಕೇಳಿದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಮೊದಲಿನದ್ದು ಅಂದಾಜು ಮಾತ್ರ. ನೋಡಿ, ಅದರ ಮೇಲೆ ನಮ್ಮ ಸಹಿ ಇಲ್ಲ."

ನಿಜ, ಸಹಿ ಇರಲಿಲ್ಲ. ಕೋರ್ಟಿಗೇ ಹೋಗುವ ಹಾಳೆ ಅಂತ ಅವರೇ ಹೇಳಿ ಕೊಟ್ಟಿದ್ದು.

"ಸರ್ವಿಸ್ ಕಾಂಟ್ರಾಕ್ಟ್ 2,800, ಗ್ಯಾಪ್ 995. ದಿವಾಳಿಯವರಿಗೆ ಬ್ಯಾಂಕ್ ಕಡ್ಡಾಯ ಮಾಡಿದೆ." (ಸರ್ವಿಸ್ ಕಾಂಟ್ರಾಕ್ಟ್ ಅಂದರೆ ಮುಂದಿನ ರಿಪೇರಿಗೆ ಈಗಲೇ ಮಾಡಿಕೊಳ್ಳುವ ಒಪ್ಪಂದ; ಗ್ಯಾಪ್ ಅಂದರೆ ಕಾರು ಟೋಟಲ್ ಆದರೆ ವಿಮೆ ಹಣಕ್ಕೂ ಬಾಕಿ ಸಾಲಕ್ಕೂ ಇರುವ ಅಂತರ ತುಂಬುವ ರಕ್ಷಣೆ.) ಸಾಲ ಏರಿದ್ದರಲ್ಲಿ ಉಳಿದ 765 ಯಾಕೆ ಅಂದರೆ, ಕಾರು ಸಿದ್ಧಪಡಿಸಿದ ಖರ್ಚಂತೆ. ಬ್ಯಾಂಕ್ ಕಡ್ಡಾಯ ಮಾಡಿದ ಪತ್ರ ತೋರಿಸಿ ಅಂದೆ. ತೋರಿಸಲಿಲ್ಲ. ಗ್ಯಾಪ್ ನಿಜವಾಗಿ ಕಡ್ಡಾಯವಾಗಿದ್ದರೆ 1968ರ ಟ್ರುತ್ ಇನ್ ಲೆಂಡಿಂಗ್ ಕಾಯ್ದೆ ಪ್ರಕಾರ ಆ ಹಣವನ್ನು ಸಾಲದ ವೆಚ್ಚಕ್ಕೆ ಸೇರಿಸಿ ಬಡ್ಡಿದರ ತೋರಿಸಬೇಕು. ಇವರ ಕಾಗದದಲ್ಲಿ ಅದರ ಪಕ್ಕದಲ್ಲೇ 'ನನ್ನ ಇಚ್ಛೆಯಿಂದ ಕೊಂಡಿದ್ದೇನೆ' ಅಂತ ಅಚ್ಚಾಗಿತ್ತು, ನಾನು ಸಹಿ ಹಾಕಬೇಕಾದ ಜಾಗದಲ್ಲಿ.

ಕೊನೆಗೆ ಮ್ಯಾನೇಜರ್ ಬಂದರು. "ಜಡ್ಜ್ ಅವರೇ ಇಷ್ಟು ಕಟ್ಟಬಹುದು ಅಂತ ಬರೆದಿದ್ದಾರಲ್ಲ, ನಿಮ್ಮದೇನು ತಕರಾರು?" ನಾನು ಎದ್ದಾಗ, ಬಾಗಿಲು ತೆರೆದೇ ಇತ್ತು, ಹೊರಗೆ ಜನ ಕೂತಿದ್ದರು, ಗಟ್ಟಿಯಾಗಿ ಅಂದರು: "ದಿವಾಳಿಯಾದವರಿಗೆ ಬೇರೆ ಯಾರು ಕೊಡ್ತಾರೆ ನೋಡೋಣ." ಹೆಂಡತಿ ತಲೆ ತಗ್ಗಿಸಿ ಮಗಳನ್ನು ಕಾರಿನಿಂದ ಇಳಿಸಿದಳು. ಈಗಲೂ ಹೊಟ್ಟೆ ಉರಿಯುತ್ತೆ. ಸಾಲ ಕಟ್ಟದೆ ಓಡಿಹೋದವರಲ್ಲ ನಾವು, ಪ್ರತಿ ತಿಂಗಳು ಟ್ರಸ್ಟಿಗೆ ಕಟ್ಟುತ್ತಿರುವವರು!

ಕೋರ್ಟಿನ ಮಿತಿ ಅಂದರೆ ನಾವು ದಾಟಬಾರದ ಗೆರೆ. ಅದು ಕಾರಿನ ಬೆಲೆ ಅಲ್ಲ. ಈ ಜನಕ್ಕೆ ಗೊತ್ತಿಲ್ಲದೆ ಏನಲ್ಲ.

ಆರ್ಡರ್ ಮುಚ್ಚಿಡೋಕೆ ಆಗಲ್ಲ, ಕೋರ್ಟಿನ ಪೇಸರ್ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಆದ್ದರಿಂದ ಅರ್ಜಿ ಹಾಕೋ ಮೊದಲೇ ಬೆಲೆ ಕಟ್ಟಿಹಾಕಿ. ಕಾರಿನ ವಿನ್ ನಂಬರ್ (ಗುರುತಿನ ಸಂಖ್ಯೆ), ಓಡಿದ ಮೈಲಿ, ಎಲ್ಲ ಸೇರಿಸಿದ ಬೆಲೆ ಇರುವ ಬಯರ್ಸ್ ಆರ್ಡರ್ (ಡೀಲರ್ ಕೊಡುವ ಖರೀದಿ ಪತ್ರ) ಮೇಲೆ ಮ್ಯಾನೇಜರ್ ಸಹಿ ತಗೊಳ್ಳಿ. ಸಾಲ ಆಗದಿದ್ದರೆ ಠೇವಣಿ ವಾಪಸ್ ಅಂತ ಅದರಲ್ಲೇ ಬರೆಸಿ. ಸಹಿ ಹಾಕಿಬಿಟ್ಟು 3 ದಿನದಲ್ಲಿ ವಾಪಸ್ ಕೊಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಡೀಲರ್ ಅಂಗಡಿಯಲ್ಲಿ ಕೊಂಡ ಕಾರಿಗೆ ಫೆಡರಲ್ ಕೂಲಿಂಗ್ ಆಫ್ ನಿಯಮ ಅನ್ವಯಿಸಲ್ಲ. ಮನೆಗೆ ಬರುವ ಕಾಗದಗಳನ್ನು ಹರಿದು ಬಿಸಾಕಿ, ನಿಮ್ಮ ವಕೀಲರಿಗೆ ಗೊತ್ತಿರುವ ಸಾಲದವರನ್ನು, ಸಹಕಾರಿ ಬ್ಯಾಂಕಿನಂಥ ಕ್ರೆಡಿಟ್ ಯೂನಿಯನ್‌ಗಳನ್ನು ಮೊದಲು ಕೇಳಿ.

ನಮಗೆ ಹಾಗೇ ಸಿಕ್ಕಿತು. ಆರ್ಡರ್‌ನಲ್ಲಿ 'ಅಥವಾ ಅಂಥದೇ ಬೇರೆ ವಾಹನ' ಅಂತ ವಕೀಲರು ಬರೆಸಿದ್ದು ಕೈ ಹಿಡಿಯಿತು, ಮಿತಿಗಿಂತ ಎಷ್ಟೋ ಕಡಿಮೆಗೆ ಒಂದು ಹಳೆಯ ಸೆಡಾನ್ ಕೊಂಡೆವು.

ಠೇವಣಿ 1,000 ಡಾಲರನ್ನು ಆ ಡೀಲರ್ ಇನ್ನೂ ವಾಪಸ್ ಕೊಟ್ಟಿಲ್ಲ. "ಕಾರು ಇಷ್ಟು ದಿನ ನಿಲ್ಲಿಸಿಕೊಂಡಿದ್ದಕ್ಕೆ ಸರಿಹೋಯಿತು" ಅಂತ ಫೋನಿನಲ್ಲಿ ಹೇಳಿದರು. ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ, ಗ್ರಾಹಕರ ಹಣಕಾಸು ದೂರು ನೋಡುವ ಫೆಡರಲ್ ಸಂಸ್ಥೆಯಾದ ಸಿಎಫ್‌ಪಿಬಿಗೂ ದೂರು ಕೊಟ್ಟಿದ್ದೇನೆ. ಆ ಎರಡು ಹಾಳೆಗಳನ್ನೂ, ಮೊದಲಿನದು ಮತ್ತು ಆಮೇಲಿನದು, ಜೊತೆಗಿಟ್ಟು ಕಳಿಸಿದ್ದೇನೆ.