ರಾಜೀನಾಮೆಗೆ ಸೈನ್ ಹಾಕ್ಬೇಡಿ, ನಾನು ಹಾಕಿ ಕೆಟ್ಟೆ

ತುಮಕೂರು ಕಡೆ ಫ್ಯಾಕ್ಟ್ರಿ, ಆಫೀಸು ಅಂತ ಕೆಲಸಕ್ಕೆ ಹೋಗೋ ಹೆಣ್ಮಕ್ಳು, ಅದರಲ್ಲೂ ಈಗ ಬಸುರಿ ಇರೋರು ಇದನ್ನ ಓದಿ. ಸ್ವಲ್ಪ ಉದ್ದ ಇದೆ.

ವಸಂತನರಸಾಪುರದ ಒಂದು ಕಂಪ್ನಿ, ಹೆಸರು ಬೇಡ ಬಿಡಿ. ಮೂರು ವರ್ಷ ಕ್ವಾಲಿಟಿ ಸೆಕ್ಷನ್‌ನಲ್ಲಿದ್ದೆ, ಬೆಳಗ್ಗೆ ಆರೂಕಾಲಿಗೆ ಶಿರಾ ಗೇಟಲ್ಲಿ ಕಂಪ್ನಿ ಬಸ್ಸು, ಸಂಬಳ 24,000. ಈ ಸಂಬಳದ ಲೆಕ್ಕ ನೆನಪಿಟ್ಕೊಳಿ, ನನ್ನ ಕುತ್ತಿಗೆಗೆ ಬಂದಿದ್ದೇ ಅದು. 2023ರಲ್ಲಿ ಬಸುರಿ ಆದೆ, ಜೂನಲ್ಲಿ ತಾಯಿ ಕಾರ್ಡ್ ಮಾಡಿಸ್ದೆ, ಅದರ ಜೆರಾಕ್ಸ್ ಎಚ್‌ಆರ್ ಕೈಗೆ ಕೊಟ್ಟೆ. ಕೈಗೆ ಕೊಟ್ಟೆ ಅಷ್ಟೇ, ಒಂದು ಮೇಲ್ ಹಾಕ್ಲಿಲ್ಲ, ಇನ್ನೊಂದು ಕಾಪಿ ಮೇಲೆ ರಿಸೀವ್ಡ್ ಅಂತ ಸೀಲ್ ಒತ್ತಿಸ್ಕೊಳ್ಲಿಲ್ಲ.

ಅವತ್ತು ಕಂಗ್ರಾಟ್ಸ್ ಅಂದ್ರು. ಮಾರನೇ ವಾರದಿಂದ ಶುರು. ಕೂತು ಮಾಡ್ತಿದ್ದ ಟೇಬಲ್ ಬಿಡಿಸಿ ಲೈನಲ್ಲಿ ನಿಲ್ಲಿಸಿದ್ರು, ಎಷ್ಟು ಸಲ ಟಾಯ್ಲೆಟ್‌ಗೆ ಹೋದೆ ಅಂತ ಸೂಪರ್‌ವೈಸರ್ ಬುಕ್ಕಲ್ಲಿ ಬರ್ಕೊಳೋರು, ಒಂದು ಸ್ಟೂಲ್ ಕೇಳಿದ್ರೆ "ಏನಮ್ಮ, ನಮ್ಮಮ್ಮ ಹೊಲದಲ್ಲಿ ಕಳೆ ಕಿತ್ಕೊಂಡೇ ನಮ್ಮನ್ನೆಲ್ಲ ಹೆತ್ಲು" ಅಂದ್ರು. ಪುಣ್ಯಾತ್ಮ, ನಿಮ್ಮಮ್ಮಂಗೆ ಟಾರ್ಗೆಟ್ ಇತ್ತಾ ಅಂತ ಕೇಳ್ಬೇಕಿತ್ತು, ಬಾಯಿ ಬರ್ಲಿಲ್ಲ.

ಆಗಸ್ಟಲ್ಲಿ ಒಂದಿನ ಊಟದ ಬೆಲ್ ಆದ್ಮೇಲೆ ಎಚ್‌ಆರ್ ಕ್ಯಾಬಿನ್‌ಗೆ ಕರೆದ್ರು. ಟೀ ತರಿಸಿದ್ರು. ಟೇಬಲ್ ಮೇಲೆ ಆಗ್ಲೇ ಟೈಪ್ ಮಾಡಿಟ್ಟಿದ್ದ ರಾಜೀನಾಮೆ ಪತ್ರ, ವೈಯಕ್ತಿಕ ಕಾರಣದಿಂದ ಸ್ವಂತ ಇಚ್ಛೆಯಿಂದ ಬಿಡ್ತಿದೀನಿ ಅಂತ. "ನೋಡಮ್ಮ, ನೀನು ನಮ್ಮನೆ ಮಗಳಿದ್ದಂಗೆ, ಈ ಟೈಮಲ್ಲಿ ಆ ಬಸ್ಸಲ್ಲಿ ಕುಲುಕಾಡ್ಕೊಂಡು ಬರೋದು ಬೇಡ, ಹೆರಿಗೆ ಮುಗಿಸ್ಕೊಂಡು ಬಾ, ನಿನ್ನ ಜಾಗ ಎಲ್ಲೂ ಹೋಗಲ್ಲ." ಬೆಣ್ಣೇಲಿ ಕೂದ್ಲು ತೆಗೆದಂಗೆ. ಮನೆಗೊಂದು ಫೋನ್ ಮಾಡಣ ಅಂದ್ರೆ ಮೊಬೈಲು ಗೇಟಲ್ಲಿ ಸೆಕ್ಯೂರಿಟಿ ಹತ್ರ ಇತ್ತು. ಪತ್ರದಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು, ನಾನೇ ಪೆನ್ನಲ್ಲಿ ತಿದ್ದಿ ಕೆಳಗೆ ಸೈನ್ ಹಾಕಿ ಎದ್ದು ಬಂದೆ.

ಜನವರಿಲಿ ಮಗಳು ಹುಟ್ಟಿದ್ಲು. ಮಾರ್ಚಲ್ಲಿ ಫೋನ್ ಮಾಡಿದ್ರೆ ವೇಕೆನ್ಸಿ ಇಲ್ಲ ಅಂದ್ರು, ಆಮೇಲೆ ಫೋನೇ ಎತ್ಲಿಲ್ಲ.

ಪಕ್ಕದ ಮನೆ ಆಂಟಿ ಹೇಳಿದ್ರು ಅಂತ ಕೋರ್ಟ್ ಕಾಂಪೌಂಡಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಅಲ್ಲಿ ವಕೀಲರು ಫ್ರೀ, ಆದಾಯ ಎಷ್ಟೇ ಇರ್ಲಿ. ಹೋಗೋಕೆ ಆಗ್ದಿರೋರು 15100ಕ್ಕೆ ಫೋನ್ ಮಾಡಬಹುದು, ಇದು ನಂಗೆ ಮುಂಚೆನೇ ಗೊತ್ತಿದ್ರೆ ಅಂತ ಎಷ್ಟು ಸಲ ಅನ್ಕೊಂಡಿದೀನೋ. ಅಲ್ಲಿನ ವಕೀಲರು ಮೇಡಂ ಮೊದಲು ಕೇಳಿದ್ದೇ ಸಂಬಳ ಎಷ್ಟು ಅಂತ. ಯಾಕಂದ್ರೆ 21,000 ಒಳಗಿದ್ರೆ ಇಎಸ್ಐ, ಅಂದ್ರೆ ಸರ್ಕಾರದ ಕಾರ್ಮಿಕರ ವಿಮೆ, ಇರತ್ತೆ, ಹೆರಿಗೆ ರಜೆ ದುಡ್ಡು ಇಎಸ್ಐ ಕೊಡತ್ತೆ, ಕಂಪ್ನಿ ಗಂಟೇನೂ ಹೋಗಲ್ಲ. ಅದರ ಮೇಲಿದ್ರೆ 26 ವಾರದ ಸಂಬಳ ಕಂಪ್ನಿನೇ ಕೊಡ್ಬೇಕು. ನಂದು ಲೆಕ್ಕ ಹಾಕಿದ್ರೆ ಹತ್ರಹತ್ರ 1,44,000. ಮನೆಮಗಳ ಮೇಲೆ ಅಷ್ಟು ಅಕ್ಕರೆ ಉಕ್ಕಿದ್ದು ಯಾಕೆ ಅಂತ ಆಗ ಅರ್ಥ ಆಯ್ತು.

ಹೆರಿಗೆ ಡೇಟ್‌ಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು, ರಜೆ ಹಕ್ಕು ಬಂತು. ಮೊದಲ ಎರಡು ಮಕ್ಕಳಿಗೆ 26 ವಾರ, ಆಮೇಲೆ 12. ಬಸುರಿ ಅಂತ ರಜೆಲಿರೋವಾಗ ಕೆಲಸದಿಂದ ತೆಗೆಯೋಂಗಿಲ್ಲ, ದೊಡ್ಡ ದುರ್ನಡತೆ ಅಂತ ತೆಗೆದಿದ್ದು ಬಿಟ್ರೆ ಬಸುರಿಲಿ ಯಾವಾಗ ತೆಗೆದ್ರೂ ಆ ದುಡ್ಡು ತಪ್ಪಿಸೋಂಗಿಲ್ಲ, ತೆಗೆದ್ರೆ 60 ದಿನದೊಳಗೆ ಅಪೀಲ್ ಹಾಕ್ಬೇಕು. ಕಾಂಟ್ರಾಕ್ಟ್ ಮುಗೀತು ಅಂತ ಕತೆ ಹೇಳೋರಿಗೆ 2023ರಲ್ಲೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ, ಕಾಂಟ್ರಾಕ್ಟ್ ಅವಧಿ ಮಧ್ಯದಲ್ಲಿ ಮುಗಿದ್ರೂ ಪೂರ್ತಿ 26 ವಾರದ ದುಡ್ಡು ಕೊಡ್ಬೇಕು ಅಂತ, ಆ ತೀರ್ಪು ಬಂದಿದ್ದು ನಾನು ಸೈನ್ ಹಾಕಿದ ಅದೇ ಆಗಸ್ಟಲ್ಲಿ ನೋಡಿ ನನ್ನ ಗ್ರಹಚಾರ. ನನ್ನ ಟೈಮಲ್ಲಿ ಇದ್ದಿದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ, 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆ ಒಳಗೆ ಸೇರಿದೆ. ಹಳೇ ಕಾಯ್ದೆ ಹೋಯ್ತು ಅಂತ ಯಾರಾದ್ರೂ ಕಿವಿ ಮೇಲೆ ಹೂ ಇಟ್ರೆ ನಂಬ್ಬೇಡಿ, 80 ದಿನ, 26 ವಾರ ಹಾಗೇ ಇದೆ.

ಇಷ್ಟೆಲ್ಲ ನನ್ನ ಕಡೆ ಇದ್ದೂ ಕೇಸ್ ಯಾಕೆ ನಿಲ್ಲಲಿಲ್ಲ ಅಂದ್ರೆ, ನನ್ನನ್ನ ಯಾರೂ ತೆಗೆದಿಲ್ವಲ್ಲ, ನಾನೇ ಬಿಟ್ಟಿದೀನಿ ಅಂತ ಕಾಗದ ಇದೆ. ಬಲವಂತ ಮಾಡಿದ್ರು ಅನ್ನೋಕೆ ಸಾಕ್ಷಿ ಇಲ್ಲ. ಮೇಡಂ ಆ ಪತ್ರದ ಕಾಪಿ ನೋಡ್ತಾ ಹೆಸರಿನ ಹತ್ರ ಬೆರಳಿಟ್ರು. "ಓದಿ, ತಪ್ಪು ತಿದ್ದಿ ಸೈನ್ ಹಾಕಿದೀರಾ. ಬಲವಂತ ಅಂತ ಹೆಂಗಮ್ಮ ವಾದ ಮಾಡ್ಲಿ?" ಆದ್ರೂ ನೋಟಿಸ್ ಕಳಿಸಿದ್ರು, ಎಳೆದಾಡಿ ಎಳೆದಾಡಿ ಕೊನೆಗೆ 40,000 ಕೊಟ್ರು, ಮಗು ಎತ್ಕೊಂಡು ಅಲೆಯೋಕೆ ಆಗ್ದೆ ನಾನೂ ಒಪ್ಕೊಂಡೆ.

ಮಾರನೇ ವರ್ಷ ಸ್ಟೋರ್ಸಲ್ಲಿದ್ದ ನನ್ನ ಫ್ರೆಂಡು ಬಸುರಿ ಆದ್ಲು. ತಾಯಿ ಕಾರ್ಡ್ ಫೋಟೋ, ಡೆಲಿವರಿ ಡೇಟ್, ಯಾವತ್ತಿಂದ ರಜೆ ಬೇಕು, ಎಲ್ಲ ಇ-ಮೇಲಲ್ಲಿ ಹಾಕಿಸ್ದೆ, ಒಂದು ಕಾಪಿ ಅವಳ ಪರ್ಸನಲ್ ಐಡಿಗೂ. ಅದೇ ಕ್ಯಾಬಿನ್, ಅದೇ ಟೀ, ಅದೇ ಟೈಪ್ ಮಾಡಿದ ಪತ್ರ. ಅವಳು ಟೀ ಪೂರ್ತಿ ಕುಡಿದು "ನಾನು ಬಿಡಲ್ಲ ಸಾರ್, ನೀವೇ ತೆಗೀತೀರಾ ಅಂದ್ರೆ ಟರ್ಮಿನೇಶನ್ ಲೆಟರ್ ಕೊಡಿ" ಅಂದ್ಲಂತೆ. ಲೆಟರ್ ಇವತ್ತಿಗೂ ಕೊಟ್ಟಿಲ್ಲ. 26 ವಾರದ ಸಂಬಳ, ಮೇಲೆ ಮೆಡಿಕಲ್ ಬೋನಸ್ 3,500 ತಗೊಂಡು, ಈಗ ಅದೇ ಆರೂಕಾಲು ಬಸ್ಸಲ್ಲಿ ಹೋಗ್ತಿದಾಳೆ.