ಹಾಯಿದೋಣಿ ಸ್ಟಾಂಪು: ಹಾಲೆಂಡಿನದಾ, ಜಪಾನಿನದಾ?

ಆಟಗಳ ಸ್ಟಾಂಪು ಕೂಡಿಡಲು ಶುರು ಮಾಡಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪುಟ, ಹಾಯಿದೋಣಿಯದು. ಕಡಲೇ ಇಲ್ಲದ ಚಿಕ್ಕಮಗಳೂರಿನವನಿಗೆ ಇದೆಂಥ ಆಸೆ ಅಂತ ಮನೆಯಲ್ಲಿ ನಕ್ಕರು. ಅದರಲ್ಲೂ ನನಗೆ ಬೇಕಿದ್ದದ್ದು ದೇಣಿಗೆ ಸ್ಟಾಂಪು. ಅದರ ಬೆಲೆಯಲ್ಲಿ ಎರಡು ಪಾಲು. ಒಂದು ಅಂಚೆಗೆ, ಇನ್ನೊಂದು ಒಳ್ಳೆ ಕೆಲಸಕ್ಕೆ.

ಮೊದಲು ಕೊಂಡದ್ದು ಹಾಲೆಂಡಿನದು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್ ಖರ್ಚಿಗೆಂದು ತಂದ ಎಂಟು ಸ್ಟಾಂಪಿನ ಸೆಟ್ಟು. ಹುಟ್ಟು ಹಾಕುವ ದೋಣಿ, ಕತ್ತಿವರಸೆ, ಫುಟ್ಬಾಲ್, ಗುಂಡು ಎಸೆತ, ಓಟ, ಕುದುರೆ ಸವಾರಿ, ಬಾಕ್ಸಿಂಗ್ ಮತ್ತು ನನ್ನ ಹಾಯಿದೋಣಿ. ಹಾಯಿದೋಣಿಯದು 5 ಸೆಂಟ್, ಮೇಲೆ 1 ಸೆಂಟ್ ದೇಣಿಗೆ. ಬಾಕ್ಸಿಂಗ್‌ಗೆ 30ರ ಮೇಲೆ ಬರೀ 3. ಚೌಕಾಸಿ ಮಾಡಿ ಕೊಟ್ಟ ದಾನದ ಹಾಗಿದೆ, ಅಲ್ವಾ?

ಎಂಟರಲ್ಲಿ ನನಗೆ ಐದೇ ಸಿಕ್ಕವು. ಅದರಲ್ಲಿ ಎರಡಕ್ಕೆ ಹಿಂದೆ ಅಂಟು ಹಾಗೇ ಇತ್ತು. ಎಡವಟ್ಟಾದದ್ದು ಅಲ್ಲೇ. ನಮ್ಮ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಅಂಟಿರುವ ಸ್ಟಾಂಪಿನ ಗತಿ? ಜುಲೈನಲ್ಲಿ ಆಲ್ಬಂ ತೆಗೆದರೆ ಒಂದು ಹಾಳೆಗೇ ಕಚ್ಚಿಕೊಂಡಿತ್ತು. ಬಿಡಿಸಲು ಹೋಗಿ ಮೂಲೆ ಹರಿಯಿತು. ಅವತ್ತಿಂದ ಅಂಚೆ ಮುದ್ರೆ ಬಿದ್ದು, ನೀರಲ್ಲಿ ನೆನೆಸಿ ಅಂಟು ತೊಳೆದ ಸ್ಟಾಂಪನ್ನೇ ಕೊಳ್ಳುವುದು. ಮಲೆನಾಡಿಗೆ ಅದೇ ಸರಿ.

ಜಪಾನಿನದನ್ನು ಹಾಗೇ ತರಿಸಿದೆ. 1964ರ ಟೋಕಿಯೊ ಒಲಿಂಪಿಕ್ಸ್‌ಗೆಂದು 1961ರಿಂದಲೇ ಕಂತು ಕಂತಾಗಿ ಬಿಟ್ಟ 20 ಸ್ಟಾಂಪು. ಎಲ್ಲದಕ್ಕೂ ಒಂದೇ ಬೆಲೆ: 5 ಯೆನ್, ದೇಣಿಗೆ 5 ಯೆನ್. ಆಗ ಅಲ್ಲಿ ಒಂದು ಕಾರ್ಡಿಗೆ 5 ಯೆನ್ ಸಾಕಿತ್ತು. ಅಂದರೆ ಕಾರ್ಡು ಹಾಕಿದವರು ಅಷ್ಟೇ ದುಡ್ಡನ್ನು ಕ್ರೀಡೆಗೂ ಕೊಟ್ಟಂತಾಯಿತು. ದಾನ ಅಂದರೆ ಇದು. ಹಾಯಿದೋಣಿಯೂ ಇದೆ, ವಾಲಿಬಾಲೂ ಇದೆ. 1964ರ ಹಾಯಿದೋಣಿ ಸ್ಪರ್ಧೆ ನಡೆದದ್ದು ಎನೋಶಿಮಾ ಎಂಬ ದ್ವೀಪದಲ್ಲಿ.

ಮಧ್ಯೆ ನ್ಯೂಜಿಲೆಂಡಿನ ಹೆಲ್ತ್ ಸ್ಟಾಂಪೂ ನೋಡಿದೆ. ಮಕ್ಕಳ ಆರೋಗ್ಯ ಶಿಬಿರಗಳಿಗೆ ಹಣ ಹೋಗುತ್ತಿತ್ತು. 1969ರದರಲ್ಲಿ ಹುಡುಗರೂ ಹುಡುಗಿಯರೂ ಕ್ರಿಕೆಟ್ ಆಡುತ್ತಾರೆ. ಚೆನ್ನಾಗಿದೆ, ಆದರೆ ನನಗೆ ಬೇಕಿದ್ದದ್ದು ದೋಣಿ.

ಅಂದಕ್ಕೆ ಈಗಲೂ ಹಾಲೆಂಡಿನದಕ್ಕೇ ನನ್ನ ಓಟು. ಆದರೆ ಹೊಸದಾಗಿ ಶುರು ಮಾಡುವವರು ಜಪಾನಿನದನ್ನೇ ಕೊಳ್ಳಿ. ಸೆಟ್ಟು ಪೂರ್ತಿಯಾಗುತ್ತದೆ, ಜೇಬೂ ಉಳಿಯುತ್ತದೆ. ನನಗೆ ಇಪ್ಪತ್ತೂ ಸಿಕ್ಕಿದವು, ಮಳೆಗಾಲವನ್ನೂ ದಾಟಿದವು.

ಇನ್ನೊಂದು ವಿಷಯ ಅಕ್ಕನ ಮಗ ಹೇಳಿದ ಮೇಲೆ ಹೊಳೆಯಿತು. "ಮಾಮ, ಹಾಕಿ ಎಲ್ಲಿ?" ಅಂದ. ಭಾರತ ಹಾಕಿಯಲ್ಲಿ ಮೊದಲ ಚಿನ್ನ ಗೆದ್ದದ್ದೇ 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಅದೂ ಹಾಲೆಂಡನ್ನೇ 3-0ಯಿಂದ ಸೋಲಿಸಿ. ಅವರ ಎಂಟು ಸ್ಟಾಂಪಿನಲ್ಲಿ ಹಾಕಿ ಇಲ್ಲ! ಜಪಾನಿನ ಸೆಟ್ಟಿನಲ್ಲಿ ಇದೆ. 1964ರಲ್ಲೂ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿ ಚಿನ್ನ ತಂದವರು ನಾವೇ.

ಈಗ ನನ್ನ ದೋಣಿ ಪುಟದಲ್ಲಿ ಡಚ್ ಹಾಯಿಯ ಪಕ್ಕ ಜಪಾನಿನ ಹಾಕಿ ಕೂತಿದೆ. ತಪ್ಪು ಜೋಡಣೆ, ಗೊತ್ತು. ಅವನು ತೆಗೆಯಲು ಬಿಡುತ್ತಿಲ್ಲ.