ಎಲ್‌ಇಡಿ ಅಕ್ಷರ ಮತ್ತು ಬಲೂನು ಮಾಲೆ: ಹಲವು ವರ್ಷ ಬಳಸಿದ ಮೇಲೆ

ಗೋಡೆಗೆ ತೂಗುಹಾಕುವ ಎಲ್‌ಇಡಿ ಅಕ್ಷರಗಳನ್ನೂ ಅವುಗಳ ಸುತ್ತ ಹಬ್ಬಿಸುವ ಬಲೂನು ಮಾಲೆಯನ್ನೂ ನಮ್ಮ ಮನೆಯ, ನೆಂಟರ, ಗೆಳೆಯರ ಪಾರ್ಟಿಗಳಿಗೆ ಹಲವು ವರ್ಷಗಳಿಂದ ಬಳಸುತ್ತಾ ಬಂದಿದ್ದೇನೆ. ಎರಡನ್ನೂ ಜೋಡಿಯಾಗಿ ಮಾರುತ್ತಾರಾದರೂ ಇವು ಒಂದೇ ಜಾತಿಯ ವಸ್ತುಗಳಲ್ಲ. ಅಕ್ಷರಗಳನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತವೆ. ಮಾಲೆಯ ಆಯಸ್ಸು ಕೆಲವೇ ದಿನ, ಅದಕ್ಕೆ ದುಡ್ಡಿಗಿಂತ ಹೆಚ್ಚು ಖರ್ಚಾಗುವುದು ನಮ್ಮ ಕೈಕೆಲಸ. ಸಾಮಾನ್ಯವಾಗಿ ಎಲ್ಲರೂ ಮೊದಲು ಬಲೂನಿನ ಬಣ್ಣ ಗೊತ್ತುಮಾಡಿ, ಕೊನೆಗೆ ಉಳಿದ ಜಾಗದಲ್ಲಿ ಅಕ್ಷರ ಸಿಕ್ಕಿಸುತ್ತಾರೆ. ನಾನು ಹೇಳುವುದು ಇದಕ್ಕೆ ಉಲ್ಟಾ. ಮೊದಲು ಅಕ್ಷರ ಹಚ್ಚಿ, ಆ ಬೆಳಕಿನಲ್ಲಿ ಬಲೂನು ಆರಿಸಿ.

ನನ್ನ ಬಳಿ ಇರುವುದು ಸುಮಾರು 22 ಸೆಂ.ಮೀ. ಎತ್ತರದ ಬಿಳಿ ಪ್ಲಾಸ್ಟಿಕ್ ಅಕ್ಷರಗಳು. ಪ್ರತಿಯೊಂದರ ಬೆನ್ನಿಗೂ ಎರಡು ಎಎ ಸೆಲ್ಲು, ಒಂದು ಜಾರುವ ಸ್ವಿಚ್ಚು, ಮೊಳೆಗೆ ತೂಗುಹಾಕಲು ಒಂದು ತೂತು. ಬಿಡಿಬಿಡಿಯಾಗಿ ಸಿಗುತ್ತವೆ, ಹಗುರ. ಕೊಳ್ಳುವ ಮುನ್ನ ಏನು ಬರೆಯಬೇಕೆಂದು ಲೆಕ್ಕ ಹಾಕಿಕೊಳ್ಳಿ. ‘ಹ್ಯಾಪಿ ಬರ್ತ್‌ಡೇ’ ಎಂದು ಇಂಗ್ಲಿಷಿನಲ್ಲಿ ಬರೆಯಲು 13 ಅಕ್ಷರ ಬೇಕು. ಎಚ್, ಎ, ಪಿ, ವೈ ನಾಲ್ಕೂ ಎರಡೆರಡು. ಸೆಲ್ಲು 26! ಅಷ್ಟನ್ನೂ ನೇರ ಸಾಲಿನಲ್ಲಿ ಕೂರಿಸುವ ಹೊತ್ತಿಗೆ ಸಾಕುಸಾಕಾಗುತ್ತದೆ. ಅದರ ಬದಲು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಕೊಂಡಿಟ್ಟುಕೊಳ್ಳಿ. ಮಗುವಿನ ಮೊದಲ ಹುಟ್ಟುಹಬ್ಬಕ್ಕೂ ಅಜ್ಜಿಯ ಎಂಬತ್ತಕ್ಕೂ ಅವೇ ಆಗುತ್ತವೆ. 11, 22 ಬಂದಾಗ ಮಾತ್ರ ಇನ್ನೊಂದು ತರಬೇಕು. ನನ್ನ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಹೊರಬಂದದ್ದು ಅಂಕಿಗಳೇ.

ಸೆಲ್ಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಸ್ತು ಬಾಳುವುದೋ ಕೆಡುವುದೋ ಇದರ ಮೇಲೆಯೇ ನಿಂತಿದೆ. ಬಿಳಿ ಎಲ್‌ಇಡಿ ಚೆನ್ನಾಗಿ ಉರಿಯಲು ಹತ್ತಿರಹತ್ತಿರ 3 ವೋಲ್ಟ್ ಬೇಕು. ಹೊಸ ಆಲ್ಕಲೈನ್ ಸೆಲ್ಲು 1.5 ವೋಲ್ಟಿನದು, ಎರಡು ಸೇರಿದರೆ ಸರಿಹೋಗುತ್ತದೆ. ಚಾರ್ಜ್ ಮಾಡುವ ನಿಕಲ್ ಸೆಲ್ಲು 1.2 ವೋಲ್ಟಿನದು, ಎರಡಕ್ಕೆ 2.4 ಮಾತ್ರ. ಅಕ್ಷರ ಉರಿಯುತ್ತದೆ, ಆದರೆ ಮಂಕಾಗಿ. ಎಲ್ಲ ಅಕ್ಷರಗಳೂ ಮಂಕಾಗಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದೇ ಪದದಲ್ಲಿ ಒಂದು ಪ್ರಖರ, ಪಕ್ಕದ್ದು ಸೊರಗಿದ್ದರೆ ಮಾತ್ರ ಬಾಗಿಲಿನಿಂದಲೇ ಕಾಣುತ್ತದೆ. ಆದ್ದರಿಂದ ಒಂದು ಪದಕ್ಕೆ ಒಂದೇ ಪ್ಯಾಕಿನ ಸೆಲ್ಲು ಹಾಕಿ. ಪಾರ್ಟಿ ಮುಗಿದ ರಾತ್ರಿಯೇ ತೆಗೆದುಬಿಡಿ. ಒಳಗೇ ಬಿಟ್ಟ ಆಲ್ಕಲೈನ್ ಸೆಲ್ಲು ಸೋರಿದರೆ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅದು ಕ್ಷಾರವಾದ್ದರಿಂದ ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ ಹೋಗುತ್ತದೆ. ಬರಿಗೈಲಿ ಮುಟ್ಟಬೇಡಿ. ಬಿಳಿ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿಯಾಗುತ್ತದೆ, ಕಿಟಕಿ ಪಕ್ಕದ ಕಪಾಟಿನ ಮೇಲೆ ಶೋಕಿಗೆಂದು ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಈಗ ಬಣ್ಣಕ್ಕೆ ಬರೋಣ. ಈ ಅಕ್ಷರಗಳ ಬೆಳಕು ಹೆಚ್ಚಾಗಿ ವಾರ್ಮ್ ವೈಟ್, ಅಂದರೆ ಹಳದಿ ಬೆರೆತದ್ದು. ಹಗಲಲ್ಲಿ ಮುದ್ದಾಗಿ ಕಂಡ ತಿಳಿನೀಲಿ ಬಲೂನು ಇದರ ಹತ್ತಿರ ಬಂದರೆ ಹಸಿರಿಗೆ ತಿರುಗಿ ಕಳೆಗುಂದುತ್ತದೆ. ತಿಳಿನೇರಳೆಯೂ ಅಷ್ಟೇ, ಬೂದಿಯ ಹಾಗೆ ಕಾಣುತ್ತದೆ. ಕೆನೆಬಣ್ಣ, ಪೀಚ್, ತುಕ್ಕುಗೆಂಪು, ಕಡುಹಸಿರು ಈ ಬೆಳಕಿನಲ್ಲಿ ಇನ್ನೂ ಅರಳುತ್ತವೆ. ಕ್ರೋಮ್ ಬಲೂನು ಒಂದು ಸಾಲಿಗೆ ನಾಲ್ಕೈದಿದ್ದರೆ ಸಾಕು. ಕನ್ನಡಿಯಂಥ ಅದರ ಮೈಯಲ್ಲಿ ಅಕ್ಷರದ ಪ್ರತಿ ದೀಪವೂ ಚುಕ್ಕೆಯಾಗಿ ಮೂಡುತ್ತದೆ. ಇಡೀ ಅಲಂಕಾರದಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ. ಮಾಲೆ ತುಂಬ ಕ್ರೋಮನ್ನೇ ಹಾಕಿದರೆ ಅಕ್ಷರ ಓದಲಾಗದಷ್ಟು ಗದ್ದಲವಾಗುತ್ತದೆ.

ಮಾಲೆಯ ಕಿಟ್ಟಿನಲ್ಲಿ ಸಾಮಾನ್ಯವಾಗಿ 5, 10, 12, 18 ಇಂಚಿನ ಬಲೂನು, ತೂತುಗಳಿರುವ ಪ್ಲಾಸ್ಟಿಕ್ ಪಟ್ಟಿ, ಗ್ಲೂ ಡಾಟ್ ಇರುತ್ತವೆ. ಪೆಟ್ಟಿಗೆಯ ಮೇಲೆ ಬರೆದ ಉದ್ದ ಹೆಚ್ಚಾಗಿ ಆ ಪಟ್ಟಿಯ ಉದ್ದ. ಚಿತ್ರದಲ್ಲಿರುವಷ್ಟು ದಟ್ಟವಾಗಿ ಕಟ್ಟಿದರೆ ಬಲೂನುಗಳು ಅದರ ಅರ್ಧಕ್ಕೇ ಮುಗಿದುಹೋಗಬಹುದು. ಪಟ್ಟಿ ಆರಂಭಿಕರಿಗೆ ಅನುಕೂಲ, ಆದರೆ ಬಳುಕಿಸಿದ ಕಡೆ ಅದರ ಅಂಚು ಇಣುಕುತ್ತದೆ. ಕೆಲಕಾಲದ ನಂತರ ನಾನು ಅದನ್ನು ಬಿಟ್ಟು, ಎರಡು ಬಲೂನು ಜೊತೆಗೆ ಗಂಟುಹಾಕಿ, ಅಂಥ ಎರಡು ಜೋಡಿಗಳನ್ನು ಒಂದಕ್ಕೊಂದು ತಿರುಚಿ, ನಾಲ್ಕರ ಗೊಂಚಲು ಮಾಡಿ ಫಿಶಿಂಗ್ ಲೈನಿಗೆ ಸುತ್ತತೊಡಗಿದೆ. ಮಲ್ಲಿಗೆ ಕಟ್ಟಿದ ಕೈಗೆ ಇದು ಬೇಗ ಒಗ್ಗುತ್ತದೆ, ಒಂದು ಗೊಂಚಲು ಇನ್ನೊಂದನ್ನು ಒತ್ತಿಕೊಂಡೇ ನಿಲ್ಲಬೇಕು. ದೊಡ್ಡವು ಅಲ್ಲಲ್ಲಿ, ಮಧ್ಯಮದವು ಅವುಗಳ ನಡುವೆ. ಸಂದು ಕಂಡಲ್ಲಿ 5 ಇಂಚಿನದನ್ನು ಗ್ಲೂ ಡಾಟಿನಿಂದ ಅಂಟಿಸಿದರೆ ಆಯಿತು.

ಊದುವಾಗ ಆಸೆಪಡಬೇಡಿ. ಪೂರ್ತಿ ತುಂಬಿದ ಬಲೂನು ಬುಡದಲ್ಲಿ ಉದ್ದವಾಗಿ ಪೇರಲದ ಆಕಾರಕ್ಕೆ ಬರುತ್ತದೆ, ಮುಟ್ಟಿದರೆ ಒಡೆಯುತ್ತದೆ. 12 ಇಂಚಿನದನ್ನು 10ರಿಂದ 11ಕ್ಕೆ ನಿಲ್ಲಿಸಿದರೆ ದುಂಡಗೆ ಇರುತ್ತದೆ, ಹೆಚ್ಚು ದಿನ ಬರುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಬೇಕಾದ ಅಳತೆಯ ತೂತು ಕೊರೆದಿಟ್ಟುಕೊಂಡರೆ ಎಲ್ಲವೂ ಒಂದೇ ಗಾತ್ರಕ್ಕೆ ಬರುತ್ತವೆ. ಎರಡು ಮೂತಿಯ ಎಲೆಕ್ಟ್ರಿಕ್ ಪಂಪು ಅಕ್ಷರದಷ್ಟೇ ಬಾಳುವ ವಸ್ತು, ಆದರೆ ಅದಕ್ಕೆ ನಡುನಡುವೆ ಬಿಡುವು ಕೊಡಿ, ಮೋಟಾರು ಬೇಗ ಬಿಸಿಯಾಗುತ್ತದೆ. ಹೀಲಿಯಂ ಬೇಡವೇ ಬೇಡ. ಲೇಟೆಕ್ಸಿನ ಸೂಕ್ಷ್ಮ ರಂಧ್ರಗಳಿಂದ ಅದು ಸೋರಿ, 12 ಇಂಚಿನ ಬಲೂನು ಬಹುತೇಕ ಒಂದೇ ದಿನದೊಳಗೆ ಕೆಳಗಿಳಿಯುತ್ತದೆ. ಗೋಡೆಯ ಮಾಲೆಗೆ ಗಾಳಿಯೇ ಸರಿ.

ಹೊರಾಂಗಣದಲ್ಲಿ ಬಲೂನಿನ ಶತ್ರುಗಳು ಬೇರೆ. 12 ಇಂಚಿನ ಬಲೂನಿನ ತೂಕ ಸುಮಾರು 3 ಗ್ರಾಂ. ಕೊಂಡಿಗೆ ಭಾರವಾಗುವುದು ಮಾಲೆಯಲ್ಲ, ಅದನ್ನು ಜಗ್ಗುವ ಗಾಳಿ. ತಣ್ಣಗಿನ ಕೋಣೆಯಲ್ಲಿ 20 ಡಿಗ್ರಿಯಲ್ಲಿ ಊದಿ 40 ಡಿಗ್ರಿಯ ಅಂಗಳಕ್ಕೆ ತಂದರೆ ಒಳಗಿನ ಗಾಳಿ ಸುಮಾರು ಶೇ 7ರಷ್ಟು ಹಿಗ್ಗುತ್ತದೆ, ಕಡುಬಣ್ಣದವು ಬಿಸಿಲಿಗೆ ಇನ್ನೂ ಕಾಯುತ್ತವೆ. ಕೆಲವು ಗಂಟೆಗಳಲ್ಲಿ ಮೈಯ ಹೊಳಪು ಹೋಗಿ ಮಂಜು ಕವಿದಂತಾಗುತ್ತದೆ. ಅದು ರಬ್ಬರು ಆಮ್ಲಜನಕದೊಂದಿಗೆ ವರ್ತಿಸಿದ ಗುರುತು, ಕಳಪೆ ಮಾಲಿನದಲ್ಲ. ಇನ್ನೊಂದು ಮಾತು, ಕಿತ್ತಳೆ ಸುಲಿದ ಕೈಯಲ್ಲಿ ಬಲೂನು ಮುಟ್ಟಬೇಡಿ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ರಬ್ಬರನ್ನು ಕರಗಿಸುತ್ತದೆ, ತಟ್ಟೆಂದು ಒಡೆಯುತ್ತದೆ. ಎಲ್‌ಇಡಿ ಅಕ್ಷರಕ್ಕೆ ಬಲೂನು ತಾಗಿದರೂ ತೊಂದರೆಯಿಲ್ಲ. ಹಳೆಯ ಮಾದರಿಯ ತಂತಿ ಬಲ್ಬಿನ ದೊಡ್ಡ ಲೋಹದ ಅಕ್ಷರಗಳನ್ನು ಬಾಡಿಗೆಗೆ ತಂದರೆ ಮಾತ್ರ ಒಂದು ಗೇಣು ದೂರವಿಡಿ.

ಫೋಟೊಗೆ ಕೋಣೆಯ ದೀಪ ಪೂರ್ತಿ ಆರಿಸಬೇಡಿ. ಫೋನಿನಲ್ಲಿ ಅಕ್ಷರದ ಮೇಲೆ ಬೆರಳಿಟ್ಟು ಬೆಳಕು ಇಳಿಸಿದರೆ ದೀಪಗಳೂ ಮುಖಗಳೂ ಎರಡೂ ಸಿಗುತ್ತವೆ.

ನನ್ನ ದೊಡ್ಡ ತಕರಾರು ಬೇರೆಯೇ. ಕನ್ನಡದಲ್ಲಿ ಹೆಸರು ಬರೆಯಲು ಈ ಬಿಡಿ ಅಕ್ಷರಗಳಿಂದ ಆಗುವುದಿಲ್ಲ. ಗುಣಿತ, ಒತ್ತು ಸೇರಿದರೆ ನಮ್ಮ ಅಕ್ಷರಗಳ ಸಂಖ್ಯೆ ಇಪ್ಪತ್ತಾರಕ್ಕೆ ನಿಲ್ಲುವುದಿಲ್ಲವಲ್ಲ. ಸದ್ಯಕ್ಕಿರುವ ದಾರಿ ಎಂದರೆ ನಿಯಾನ್‌ನಂತೆ ಬಾಗುವ ಎಲ್‌ಇಡಿ ಪಟ್ಟಿಯಲ್ಲಿ ಹೆಸರನ್ನು ಹೇಳಿ ಮಾಡಿಸುವುದು. ಅದು ಒಂದೇ ಹೆಸರಿಗೆ ಆಯಿತು, ಮತ್ತೊಬ್ಬರಿಗೆ ಬಾರದು. ಆದರೂ ಮಗುವಿನ ಹೆಸರು ಕನ್ನಡದಲ್ಲಿ ಬೆಳಗುವುದನ್ನು ನೋಡುವ ಆನಂದಕ್ಕೆ ನಾನು ಅದನ್ನು ಮಾಡಿಸಿಯೇ ತೀರುತ್ತೇನೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಲೂನನ್ನು ಒಡೆದು ತೆಗೆಯಬೇಡಿ. ಊದದ ಬಲೂನು, ಒಡೆದ ಚೂರು ಎರಡೂ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿಸಬಲ್ಲವು, 8 ವರ್ಷದೊಳಗಿನವರಿಗೆ ಅಪಾಯವೆಂದು ಎಷ್ಟೋ ಪ್ಯಾಕುಗಳ ಮೇಲೇ ಬರೆದಿರುತ್ತದೆ. ಗಂಟಿನ ಬುಡದಲ್ಲಿ ಕತ್ತರಿಯಿಂದ ಸಣ್ಣದಾಗಿ ಕತ್ತರಿಸಿ ಗಾಳಿ ಮೆಲ್ಲಗೆ ಬಿಡಿ, ಕೆಳಗೆ ಬಿದ್ದ ಚೂರುಗಳನ್ನು ಆಗಲೇ ಹೆಕ್ಕಿ. ಅಕ್ಷರದ ಜೊತೆ ರಿಮೋಟ್ ಬಂದಿದ್ದರೆ ಅದರ ನಾಣ್ಯದಂಥ ಸೆಲ್ಲು ನುಂಗಿದರೆ ಇನ್ನೂ ಅಪಾಯ. ಮುಚ್ಚಳಕ್ಕೆ ಸ್ಕ್ರೂ ಇರುವ ರಿಮೋಟನ್ನೇ ಕೊಳ್ಳಿ.